ನಾವಿಬ್ಬರೂ ಟೈಪ್‌ರೈಟರ್

ನಾನು ಒಂದು ಟೈಪ್‌ರೈಟರ್. ಹಾಗೆಂದು ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ, ಏಕೆಂದರೆ ನಾನು ನಿಜಕ್ಕೂ ಅದೇ. ಉಕ್ಕು, ಹಿತ್ತಾಳೆ, ರಬ್ಬರು, ಗುಂಡಿಗಳ ಮೇಲೆ ಒಂದಿಷ್ಟು ಗಾಜು, ಇಷ್ಟೇ ನನ್ನ ಆಸ್ತಿ. ಆದರೆ ನಾನು ಹುಟ್ಟಿದ ದೇಶದಲ್ಲಿ ಇದೇ ಮಾತನ್ನು ಒಬ್ಬ ಹೆಂಗಸು ತುಂಬಿದ ಸಭೆಯಲ್ಲಿ, ಪ್ರಮಾಣ ಮಾಡಿ ಹೇಳಬೇಕಾಯಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಗ ನಾನು ಅವಳ ಕಾಲಿನ ಹತ್ತಿರವೇ ಇದ್ದೆ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ನಾನು ಹುಟ್ಟಿದ್ದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಕಾರ್ಖಾನೆಯಲ್ಲಿ, ಕಳೆದ ಶತಮಾನದ ಮೊದಲ ವರ್ಷಗಳಲ್ಲಿ. ನನ್ನ ಅಣ್ಣಂದಿರೆಲ್ಲ ಇಬ್ಬರು ಸೇರಿ ಎತ್ತಬೇಕಾದ ದಡಿಯರು. ನಾನು ಆಗ ತಾನೇ ಬಂದ ಹಗುರ ಜಾತಿ, ಚರ್ಮದ ಪೆಟ್ಟಿಗೆಯೊಳಗೆ ಕೂತು ಕೈಯಲ್ಲಿ ತೂಗಾಡಿಕೊಂಡು ಹೋಗುವಂಥದ್ದು. ಕಾರ್ಖಾನೆಯ ಕೊನೆಯ ಮೇಜಿನಲ್ಲಿ ಒಬ್ಬ ಹುಡುಗಿ ನನ್ನ ಒಂದೊಂದು ಗುಂಡಿಯನ್ನೂ ಒತ್ತಿ ನೋಡಿ, ಸರಿಯಿದೆ ಎಂದು ಕತ್ತು ಆಡಿಸಿದಳು. ಅವಳನ್ನೂ ಅಲ್ಲಿ ಟೈಪ್‌ರೈಟರ್ ಎಂದೇ ಕರೆಯುತ್ತಿದ್ದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ಕಥೆಯೆಲ್ಲ ನಿಂತಿರುವುದು ಇದರ ಮೇಲೆ. ಆ ಕಾಲದಲ್ಲಿ ಅಲ್ಲಿ ಯಂತ್ರಕ್ಕೂ ಟೈಪ್‌ರೈಟರ್ ಎನ್ನುತ್ತಿದ್ದರು, ಯಂತ್ರದ ಮುಂದೆ ಕೂತು ಬಡಿಯುವ ಹುಡುಗಿಗೂ ಟೈಪ್‌ರೈಟರ್ ಎನ್ನುತ್ತಿದ್ದರು. ನಮ್ಮ ಟೈಪ್‌ರೈಟರಿಗೆ ಜ್ವರ ಬಂದಿದೆ ಎಂದು ಒಬ್ಬ ಯಜಮಾನ ಹೇಳಿದರೆ ಯಾರೂ ಮೆಕ್ಯಾನಿಕ್ಕನ್ನು ಕರೆಯುತ್ತಿರಲಿಲ್ಲ. ಗಂಡಸರಿಗೆ ಇದು ಎಂದೂ ಮುಗಿಯದ ಹಾಸ್ಯದ ಸರಕು. ನಮ್ಮ ಆಫೀಸಿನ ಟೈಪ್‌ರೈಟರ್ ತೊಡೆಯ ಮೇಲೆ ಚೆನ್ನಾಗಿ ಕೂರುತ್ತದೆ ಎಂದು ಹೇಳಿ ಹಲ್ಲು ಕಿರಿಯುವ ದರಿದ್ರಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಇನ್ನೊಂದು ಮಾತು. ನಾನು ಕನ್ನಡ ಕಲಿತದ್ದು ಬಹಳ ತಡವಾಗಿ, ಕೋಲಾರದ ಕಡೆ ಒಂದು ಕೋರ್ಟಿನ ಮುಂದೆ ಕೂತು. ಅಲ್ಲಿಗೆ ಹೇಗೆ ಬಂದೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಅಮೆರಿಕದವರು ಆಡಿದ ಮಾತನ್ನೂ ಇದೇ ಕನ್ನಡದಲ್ಲಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಇಂಗ್ಲಿಷಿನಲ್ಲಿ ಆ ಸಭೆಯ ಹೆಂಗಸೇ ಸಾಕಷ್ಟು ಹೇಳಿ ನೋಡಿದ್ದಳು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನನ್ನ ಮೊದಲ ಯಜಮಾನ ಊರೂರು ತಿರುಗಿ ತಲೆಕೂದಲಿನ ಎಣ್ಣೆ ಮಾರುವವನು. ಅವನ ತಲೆ ಬೋಳು. ಎಣ್ಣೆ ಹಚ್ಚಿ ಕೂದಲು ಬಂತೆಂದು ಗಿರಾಕಿಗಳು ಬರೆದ ಹೊಗಳಿಕೆಯ ಕಾಗದಗಳನ್ನು ಅವನೇ ನನ್ನ ಮೇಲೆ ಬಡಿಯುತ್ತಿದ್ದ. ಹುಟ್ಟಿದ ವರ್ಷವೇ ಇಷ್ಟು ಸುಳ್ಳು ಹೇಳಿಸಿದನಲ್ಲ ಎಂದು ನನಗೆ ಬೇಜಾರು. ಒಂದು ದೊಡ್ಡ ಸರೋವರದ ದಂಡೆಯ ಊರಿನಲ್ಲಿ ಅವನಿಗೆ ಮದುವೆ ಗೊತ್ತಾಯಿತು. ಮಾವನ ಅಂಗಡಿಯಲ್ಲಿ ಕೂರುವವನಿಗೆ ನಾನೇಕೆ? ಅವನು ಇಳಿದುಕೊಂಡಿದ್ದ ಮನೆಯಲ್ಲೇ ಬಾಡಿಗೆಗಿದ್ದ ಒಬ್ಬ ಹುಡುಗಿಗೆ ನನ್ನನ್ನು ಮಾರಿದ. ಅವಳೇ ಆಗಸ್ಟಾ ರೇಮ್.

ಆಗಸ್ಟಾ ಬೇಕರಿಯವನ ಮಗಳು. ಅಪ್ಪ ಜರ್ಮನಿಯಿಂದ ಬಂದವನು. ಹಿಟ್ಟು ನಾದಿ ಬೆಳೆದ ತೋಳು, ಅಗಲ ಭುಜ, ಮೂಗಿನ ತುದಿಯಲ್ಲೇ ಕೋಪ. ಗುಂಡಿ ಸಿಕ್ಕಿಹಾಕಿಕೊಂಡರೆ ನನಗೆ ಜರ್ಮನ್ ಭಾಷೆಯಲ್ಲಿ ಬೈಯುತ್ತಿದ್ದಳು, ಆಮೇಲೆ ತಲೆಗೂದಲಿನ ಪಿನ್ನು ತೆಗೆದು ಬಹಳ ಮೆತ್ತಗೆ ಬಿಡಿಸುತ್ತಿದ್ದಳು. ನನಗೆ ಅವಳು ತುಂಬಾ ಇಷ್ಟವಾಗಿಬಿಟ್ಟಳು. ಸುತ್ತಿ ಬಳಸಿ ಹೇಳುವುದೇಕೆ, ಆಮೇಲೆ ಬಂದ ಯಾರನ್ನೂ ನಾನು ಅಷ್ಟು ಹಚ್ಚಿಕೊಂಡಿಲ್ಲ.

ಆ ಊರಿನಲ್ಲಿ 'ಬೀಕನ್' ಎಂಬ ದಿನಪತ್ರಿಕೆ. ಅದರ ಸಂಪಾದಕ ಕ್ಯಾಲ್ವಿನ್ ಪ್ರಾಟ್, ತೆಳ್ಳಗಿನ ಮನುಷ್ಯ, ಒಳ್ಳೆಯ ಮಾತುಗಾರ. ಆಗಸ್ಟಾ ಅಲ್ಲಿಗೆ ಸೇರಿದ್ದು ಅವನ ಕಾಗದಪತ್ರ ಬಡಿಯುವ ಕೆಲಸಕ್ಕೆ. ಒಂದು ದಿನ ಬಂದರಿನಲ್ಲಿ ಹಡಗಿಗೆ ಬೆಂಕಿ ಬಿತ್ತು. ಸುದ್ದಿ ತರಲು ಹೋದ ವರದಿಗಾರ ಕುಡಿದು ಬಂದು ಮೇಜಿನ ಮೇಲೆ ಮಲಗಿಬಿಟ್ಟ. ಆಗಸ್ಟಾ ಅವನ ಬಾಯಿಂದ ಬಂದ ತುಂಡು ಮಾತುಗಳನ್ನು ಜೋಡಿಸಿ, ತಾನೇ ಬಂದರಿಗೆ ಓಡಿಹೋಗಿ ಉಳಿದದ್ದನ್ನು ಕೇಳಿಕೊಂಡು ಬಂದು, ನನ್ನ ಮೇಲೆ ಬಡಿದು ಕೊಟ್ಟಳು. ಪ್ರಾಟ್ ಓದಿದ. ಮತ್ತೊಮ್ಮೆ ಓದಿದ. ಮಾರನೆಯ ವಾರದಿಂದ ಅವಳು ಪತ್ರಿಕೆಗೆ ಬರೆಯಬೇಕೆಂದೂ, ಹೆಸರು ಮಾತ್ರ ಪೆನ್ನಿ ಲಾರ್ಕ್ ಎಂದಿರಬೇಕೆಂದೂ ಹೇಳಿದ.

ಪೆನ್ನಿ ಲಾರ್ಕ್ ಎಂಬ ಹೆಂಗಸು ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಅದು ಬೀಕನ್ ಪತ್ರಿಕೆ ಇಟ್ಟುಕೊಂಡಿದ್ದ ಹೆಸರು. ಆಗಿನ ಪತ್ರಿಕೆಗಳಲ್ಲಿ ಇದೊಂದು ರೂಢಿ: ಹೆಂಗಸರು ಬರೆದರೆ ಹಕ್ಕಿಯದೋ ಹೂವಿನದೋ ಚೆಂದದ ಒಂದು ಹೆಸರು ಹಾಕುವುದು, ಬರೆಯುವವಳು ಬಿಟ್ಟುಹೋದರೆ ಆ ಹೆಸರನ್ನು ಇನ್ನೊಬ್ಬಳಿಗೆ ಕೊಡುವುದು. ಆಗಸ್ಟಾಳಿಗಿಂತ ಮೊದಲು ಇಬ್ಬರು ಪೆನ್ನಿ ಲಾರ್ಕ್ ಆಗಿ ಹೋಗಿದ್ದರು. ಒಬ್ಬಳು ಮದುವೆಯಾದಳು, ಇನ್ನೊಬ್ಬಳು ಬೇಸತ್ತು ಬಿಟ್ಟಳು. ಓದುಗರಿಗೆ ಇದೇನೂ ಗೊತ್ತಿಲ್ಲ. ಅವರ ಪಾಲಿಗೆ ಪೆನ್ನಿ ಲಾರ್ಕ್ ಒಬ್ಬಳೇ, ಅವಳಿಗೆ ವಯಸ್ಸೂ ಆಗುತ್ತಿರಲಿಲ್ಲ.

ಮೊದಮೊದಲು ಆಗಸ್ಟಾ ನಕ್ಕುಬಿಟ್ಟಳು. ಟೋಪಿ, ಕೇಕು, ಮದುವೆಯ ಔತಣ, ಇವುಗಳ ಬಗ್ಗೆ ಬರೆಯುವುದಕ್ಕೆ ಯಾವ ಹೆಸರಾದರೇನು ಎನ್ನುತ್ತಿದ್ದಳು. ಆಮೇಲೆ ಅವಳನ್ನು ಸಾಹಸಗಳಿಗೆ ಕಳಿಸತೊಡಗಿದರು. ಅಗ್ನಿಶಾಮಕದವರ ಗಾಡಿಯಲ್ಲಿ ಕೂತು ಹೋಗು, ಮುಳುಗುಗಾರರ ಕಬ್ಬಿಣದ ಟೋಪಿ ತೊಟ್ಟು ಸರೋವರದ ತಳಕ್ಕೆ ಇಳಿ, ಹುಚ್ಚರ ಆಸ್ಪತ್ರೆಯಲ್ಲಿ ನೆಲ ಒರೆಸು. ಅವಳು ಹೋದಳು, ಇಳಿದಳು, ಒರೆಸಿದಳು. ಅಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದಳು. ಊರಿನವರು ಬೆಳಿಗ್ಗೆ ಎದ್ದರೆ ಮೊದಲು ಪೆನ್ನಿ ಲಾರ್ಕ್ ಏನು ಬರೆದಿದ್ದಾಳೆಂದು ಹುಡುಕುವ ಹಾಗಾಯಿತು. ಆಗ ಅವಳಿಗೆ ತನ್ನ ಹೆಸರಿನ ಆಸೆ ಹುಟ್ಟಿತು. ತಪ್ಪೇನು?

ಪತ್ರಿಕೆಯ ಕಚೇರಿಯಲ್ಲಿ ಒಂದು ಪದ್ಧತಿ. ಯಾರು ಬರೆದರೂ ಹಾಳೆಯ ಎಡಮೂಲೆಯಲ್ಲಿ ತಮ್ಮ ಹೆಸರು ಬಡಿಯಬೇಕು. ಆಗಸ್ಟಾ ಅಲ್ಲಿ ರೇಮ್ ಎಂದು ಬಡಿಯುತ್ತಿದ್ದಳು. ಪ್ರಾಟ್ ನೀಲಿ ಪೆನ್ಸಿಲಿನಿಂದ ಅದನ್ನು ಹೊಡೆದು ಲಾರ್ಕ್ ಎಂದು ಬರೆಯುತ್ತಿದ್ದ. ಅವಳು ಮತ್ತೆ ಮರುದಿನ ರೇಮ್ ಎಂದೇ ಬಡಿಯುತ್ತಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಏನೂ ಹೇಳುತ್ತಿರಲಿಲ್ಲ. ವರ್ಷಗಟ್ಟಲೆ ಹೀಗೇ ನಡೆಯಿತು, ಇಬ್ಬರೂ ಸೋಲಲಿಲ್ಲ.

ಆಮೇಲೆ ಬೆಂಕಿಕಡ್ಡಿ ಕಾರ್ಖಾನೆಯ ಸಂಗತಿ ಬಂತು.

ಊರ ಹೊರಗೆ ದೊಡ್ಡ ಬೆಂಕಿಕಡ್ಡಿ ಕಾರ್ಖಾನೆ. ಕಡ್ಡಿಯ ತಲೆಗೆ ಆಗ ಬಿಳಿ ರಂಜಕ, ಅಂದರೆ ಫಾಸ್ಫರಸ್, ಹಚ್ಚುತ್ತಿದ್ದರು. ಅದರ ಹೊಗೆ ಹುಳುಕು ಹಲ್ಲಿನ ದಾರಿಯಲ್ಲಿ ಒಳಗೆ ಹೋಗಿ ದವಡೆಯ ಮೂಳೆಯನ್ನೇ ಕೊಳೆಸುತ್ತದೆ. ಕೆಲಸ ಮಾಡುತ್ತಿದ್ದವರೆಲ್ಲ ಹೆಚ್ಚಾಗಿ ಹುಡುಗಿಯರು, ಹೊರದೇಶಗಳಿಂದ ಬಂದ ಬಡವರ ಮಕ್ಕಳು. ಆಗಸ್ಟಾ ಹಳೆಯ ಲಂಗ ಉಟ್ಟು, ಬೇರೊಂದು ಸುಳ್ಳು ಹೆಸರು ಹೇಳಿ, ಅಲ್ಲಿ ಕೆಲಸಕ್ಕೆ ಸೇರಿದಳು. ಸಂಜೆ ಬಂದಾಗ ಅವಳ ಕೈಯಿಂದ ಬೆಳ್ಳುಳ್ಳಿಯ ಹಾಗೆ ಒಂದು ನಾತ. ದೀಪ ಹಚ್ಚುವ ಮುಂಚೆ ಅವಳ ಬೆರಳು ತಗುಲಿದ ನನ್ನ ಗುಂಡಿಗಳು ಮಸುಕಾಗಿ ಹೊಳೆಯುತ್ತಿದ್ದವು. ನನಗೆ ಭಯವಾಗುತ್ತಿತ್ತು.

ಹಲ್ಲುನೋವು ಎಂದವರನ್ನು ಆ ಕಾರ್ಖಾನೆಯಲ್ಲಿ ಅದೇ ದಿನ ಮನೆಗೆ ಕಳಿಸಿಬಿಡುತ್ತಿದ್ದರು. ಹಾಗಾಗಿ ಹುಡುಗಿಯರು ನೋವು ಬಚ್ಚಿಟ್ಟುಕೊಳ್ಳುತ್ತಿದ್ದರು. ಊತ ಕಾಣದಿರಲಿ ಎಂದು ಮುಖಕ್ಕೆ ವಸ್ತ್ರ ಸುತ್ತಿಕೊಂಡು, ನೆಗಡಿ ಎನ್ನುತ್ತಿದ್ದರು. ಆಗಸ್ಟಾಳ ಪಕ್ಕದ ಮೇಜಿನಲ್ಲಿ ಲೀನಾ ಹೊರ್ವಾತ್ ಎಂಬ ಹಂಗೇರಿಯ ಹುಡುಗಿ. ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅವಳಿಗೆ ಆ ನೆಗಡಿ ಬಹಳ ದಿನದಿಂದ ಇತ್ತು. ಒಂದು ಭಾನುವಾರ ಆಗಸ್ಟಾ ಅವಳನ್ನು ತನ್ನ ಕೋಣೆಗೆ ಕರೆದುಕೊಂಡು ಬಂದು, ತಾನು ಯಾರೆಂದು ನಿಜ ಹೇಳಿ, ಅವಳ ಕಥೆ ಕೇಳಿದಳು. ಹೆಸರು ಬದಲಿಸಿ ಬರೆಯುತ್ತೇನೆ, ಹೆದರಬೇಡ ಎಂದಳು.

ಲೀನಾ ಮುಖದ ವಸ್ತ್ರ ಬಿಚ್ಚಿ ಪಕ್ಕಕ್ಕಿಟ್ಟಳು. ನೋಡಬಾರದಾಗಿತ್ತು, ನೋಡಿದೆ.

"ನನ್ನ ಹೆಸರೇ ಹಾಕಿ. ಬೇರೆ ಹೆಸರು ಹಾಕಿದ್ರೆ ಕಥೆ ಅಂತಾರೆ" ಎಂದಳು.

ಆಗಸ್ಟಾ ಕುರ್ಚಿಯನ್ನು ನನ್ನ ಮುಂದೆ ಎಳೆದುಕೊಂಡಳು. ಆಮೇಲೆ ಹಾಳೆ ಹಾಕಿ ಲೀನಾ ಹೊರ್ವಾತ್ ಎಂದು ಪೂರ್ತಿ ಹೆಸರು ಬಡಿದಳು. ಯಾರು ಏನೇ ಕೇಳಿದರೂ ತಾನು ಎದುರು ಬಂದು ನಿಲ್ಲುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಳು. ಬೀಕನ್‌ನಲ್ಲಿ ಆ ಬರಹ ವಾರಪೂರ್ತಿ ಬಂತು. ಕೆಳಗೆ, ಎಂದಿನಂತೆ, ಪೆನ್ನಿ ಲಾರ್ಕ್.

ಊರೇ ಎದ್ದು ಕೂತಿತು. ಪಾದ್ರಿಗಳು ಚರ್ಚಿನಲ್ಲಿ ಓದಿದರು. ಎಷ್ಟೋ ಮನೆಯವರು ಆ ಕಂಪನಿಯ ಕಡ್ಡಿ ಕೊಳ್ಳುವುದನ್ನು ಬಿಟ್ಟರು. ಬಿಳಿ ರಂಜಕವನ್ನು ಆ ರಾಜ್ಯದಲ್ಲಿ ನಿಲ್ಲಿಸಬೇಕೆಂದು ಶಾಸನಸಭೆಯಲ್ಲಿ ಒಂದು ಮಸೂದೆ ಬಂತು. ವಿಚಾರಣೆಗೆ ಒಂದು ಸಮಿತಿ ಮಾಡಿದರು. ಕಾರ್ಖಾನೆಯವರ ವಕೀಲ ಮಾತ್ರ ಒಂದೇ ಹಾಡು ಹಾಡುತ್ತಿದ್ದ: ಈ ಪೆನ್ನಿ ಲಾರ್ಕ್ ಎಂಬವಳು ಯಾರು, ಇದ್ದರೆ ಬಂದು ಹೇಳಲಿ, ಇಲ್ಲದಿದ್ದರೆ ಇದೆಲ್ಲ ಕಟ್ಟುಕಥೆ.

ಆಗಸ್ಟಾ ನನ್ನನ್ನು ಎತ್ತಿಕೊಂಡು ನೇರ ಪ್ರಾಟ್‌ನ ಕೋಣೆಗೆ ಹೋದಳು. ನಾಳೆಯ ಪತ್ರಿಕೆಯಲ್ಲಿ, ಇದನ್ನೆಲ್ಲ ಬರೆದವಳು ಆಗಸ್ಟಾ ರೇಮ್ ಎಂದು ಒಂದು ಸಾಲು ಹಾಕಿ, ಸಮಿತಿಯ ಮುಂದೆ ನಾನು ಹೋಗುತ್ತೇನೆ ಎಂದಳು. ಪ್ರಾಟ್ ಕನ್ನಡಕ ತೆಗೆದು ಒರೆಸಿದ. ಅವನು ಕೆಟ್ಟವನಲ್ಲ ಎಂದು ಆಗಸ್ಟಾ ಕೊನೆಯವರೆಗೂ ಹೇಳುತ್ತಿದ್ದಳು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ.

"ಆ ಹೆಸರು ನಿಂದಲ್ಲಮ್ಮ, ಪತ್ರಿಕೇದು" ಎಂದ ಪ್ರಾಟ್. "ಇವತ್ತು ಪೆನ್ನಿ ಲಾರ್ಕ್ ನೀನೇ ಅಂತ ಹಾಕಿದ್ರೆ, ನಾಳೆ ಇನ್ನೊಂದು ಪತ್ರಿಕೆಯೋರು ನಿನ್ನ ಕರಕೊಂಡು ಹೋಗ್ತಾರೆ. ನಮ್ಮ ಓದುಗರೂ ನಿನ್ನ ಹಿಂದೇನೇ ಹೋಗ್ತಾರೆ."

ಅಷ್ಟೇ ಕಾರಣ. ಒಂದು ಹುಡುಗಿಯ ದವಡೆ ಕೊಳೆತು ಬೀಳುತ್ತಿದೆ, ಇವನಿಗೆ ಹೆಸರಿನ ಯಜಮಾನಿಕೆಯ ಚಿಂತೆ. ಆಗಸ್ಟಾ ಬಾಯಿಗೆ ಬಂದಂತೆ ಬೈದಳು. ಬೈದರೆ ಏನಾಗುತ್ತದೆ? ಅವನು ಇನ್ನೊಮ್ಮೆ ಕನ್ನಡಕ ಒರೆಸಿದ.

ಆಗಸ್ಟಾ ರಜೆ ಹಾಕಿ, ಲೀನಾಳನ್ನೂ ಕರೆದುಕೊಂಡು, ರೈಲಿನಲ್ಲಿ ರಾಜಧಾನಿಗೆ ಹೋದಳು. ವಿಚಾರಣೆಯ ವರದಿಯನ್ನು ಅಲ್ಲಿಂದಲೇ ಬರೆಯುವ ಆಸೆಯಿಂದ ನನ್ನನ್ನೂ ಒಯ್ದಳು. ದೊಡ್ಡ ಸಭಾಂಗಣ. ನಾನು ಅವಳ ಬೆಂಚಿನ ಕೆಳಗೆ ಕೂತಿದ್ದೆ. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಬೂಟುಗಳು: ವಕೀಲನ ಹೊಳೆಯುವ ಬೂಟು, ಸಮಿತಿಯವರ ದಪ್ಪ ಬೂಟು, ಲೀನಾಳ ತೇಪೆ ಹಾಕಿದ ಬೂಟು. ಪ್ರಾಟ್‌ನ ಬೂಟು ಕೂಡ ಅಲ್ಲಿತ್ತು. ಅವನನ್ನು ಕಾರ್ಖಾನೆಯವರು ಕರೆಸಿದ್ದರು.

ಆಗಸ್ಟಾ ಬೈಬಲ್ ಮುಟ್ಟಿ ಪ್ರಮಾಣ ಮಾಡಿ, ಪೆನ್ನಿ ಲಾರ್ಕ್ ಎಂಬ ಹೆಸರಿನಲ್ಲಿ ಬರೆಯುವವಳು ತಾನೇ ಎಂದಳು. ವಕೀಲ ಬಹಳ ಮರ್ಯಾದೆಯಿಂದ ಎದ್ದು ನಿಂತ. ಪೆನ್ನಿ ಲಾರ್ಕ್ ಎಂಬ ಹೆಸರು ಬೀಕನ್‌ನಲ್ಲಿ ಹದಿನೈದು ವರ್ಷದಿಂದ ಬರುತ್ತಿದೆಯಲ್ಲ, ಹದಿನೈದು ವರ್ಷದ ಹಿಂದೆ ತಾವು ಏನು ಮಾಡುತ್ತಿದ್ದಿರಿ ಎಂದು ಕೇಳಿದ. ಶಾಲೆಗೆ ಹೋಗುತ್ತಿದ್ದೆ ಎಂದಳು. ಸಭೆಯಲ್ಲಿ ಸಣ್ಣಗೆ ನಗು ಎದ್ದಿತು. ಆ ಹೆಸರು ಮೊದಲು ಬೇರೆಯವರದ್ದಾಗಿತ್ತು ಎಂದು ಅವಳು ಬಿಡಿಸಿ ಹೇಳಲು ಹೋದಳು. ಅವನು ಬಿಡಲಿಲ್ಲ.

"ಬೀಕನ್‌ಗೆ ನಿಮ್ಮನ್ನ ತಗೊಂಡಿದ್ದು ಯಾವ ಕೆಲಸಕ್ಕೆ? ಒಂದೇ ಮಾತಲ್ಲಿ ಹೇಳಿ ಸಾಕು."

ಪ್ರಮಾಣ ಮಾಡಿದವಳು ಸುಳ್ಳು ಹೇಳುವುದು ಹೇಗೆ? ಬೇಕರಿಯವನ ಮಗಳಿಗೆ ಅದು ಬರುತ್ತಿರಲಿಲ್ಲ.

"ಟೈಪ್‌ರೈಟರ್" ಎಂದಳು.

ಸಮಿತಿಯ ಅಧ್ಯಕ್ಷ ಹೊಟ್ಟೆಯ ಭಾರಕ್ಕೆ ಏದುಸಿರು ಬಿಡುವ ಮುದುಕ. ಅವನು ಬಗ್ಗಿ ಬೆಂಚಿನ ಕೆಳಗೆ ನೋಡಿದ. ನಾನು ಅವನ ಕಣ್ಣಿಗೆ ಬಿದ್ದೆ.

"ಇಲ್ಲಿ ಎರಡು ಟೈಪ್‌ರೈಟರ್ ಇವೆಯಲ್ಲ. ನಾವು ಪ್ರಮಾಣ ಮಾಡಿಸಿದ್ದು ಮೇಲಿರೋದಕ್ಕೋ, ಕೆಳಗಿರೋದಕ್ಕೋ?" ಎಂದ.

ಆಗ ನಕ್ಕರು ನೋಡಿ. ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಒಬ್ಬನಂತೂ ಮೇಜು ಕುಟ್ಟಿದ. ಆಗಸ್ಟಾಳ ಹಿಮ್ಮಡಿ ನನ್ನ ಪೆಟ್ಟಿಗೆಗೆ ಒತ್ತಿಕೊಂಡಿತ್ತು. ಅವರ ಬಾಯಿಗಿಷ್ಟು ಮಣ್ಣು ಹಾಕ ಎಂದು ಶಪಿಸಿದೆ. ಅದೇನೂ ಫಲಿಸಲಿಲ್ಲ, ಆ ಮುದುಕ ಮತ್ತೆ ಮತ್ತೆ ಚುನಾವಣೆಯಲ್ಲಿ ಗೆದ್ದ.

ಮುಂದಿನ ಸಾಕ್ಷಿ ಪ್ರಾಟ್. ಪೆನ್ನಿ ಲಾರ್ಕ್ ಎನ್ನುವುದು ಪತ್ರಿಕೆಯ ಹೆಸರೆಂದೂ, ಅದರ ಹಿಂದೆ ಹಲವರ ಕೈ ಇದೆಯೆಂದೂ, ಮಿಸ್ ರೇಮ್ ತಮ್ಮಲ್ಲಿಗೆ ಬಂದದ್ದು ಟೈಪ್‌ರೈಟರಾಗಿ ಎನ್ನುವುದು ನಿಜವೆಂದೂ ಹೇಳಿ ಕೂತ. ಹುಡುಕಿದರೆ ಒಂದು ಮಾತೂ ಸುಳ್ಳಲ್ಲ. ನನ್ನ ಹೊಟ್ಟೆ ಉರಿಸಿದ್ದು ಅದೇ. ಕೊನೆಗೆ ಲೀನಾ ಎದ್ದಳು. ಅವಳ ದವಡೆಯಿಂದ ಆ ಹೊತ್ತಿಗೆ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೇ. ಬರೆದುಕೊಳ್ಳುವವನು ಎರಡು ಸಲ ಏನು, ಏನು ಎಂದು ಕೇಳಿ, ಸಾಕ್ಷಿಯ ಮಾತು ತಿಳಿಯಲಿಲ್ಲ ಎಂದು ಬರೆದುಕೊಂಡ. ಮಸೂದೆ ಅಲ್ಲಿಗೆ ಮಣ್ಣುಪಾಲಾಯಿತು.

ಊರಿಗೆ ಬರುವಷ್ಟರಲ್ಲಿ ಬೀಕನ್‌ನಲ್ಲಿ ಅವಳ ಮೇಜು ಖಾಲಿ ಮಾಡಿಸಿದ್ದರು. ಅದು ಅವಳಿಗೆ ಗೊತ್ತಿದ್ದದ್ದೇ, ಅತ್ತುಕೊಳ್ಳಲಿಲ್ಲ. ಆದರೆ ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ಪತ್ರಿಕೆ ಬಿಡಿಸಿದವಳು ಹಾಗೇ ಮಂಚದ ಮೇಲೆ ಕುಸಿದಳು. ಪೆನ್ನಿ ಲಾರ್ಕ್ ಮತ್ತೆ ಬರೆದಿದ್ದಳು. ಯಾರೋ ಹೊಸ ಹುಡುಗಿ, ಪಾಪ, ಹೇಳಿದ್ದನ್ನು ಬರೆದಿದ್ದಾಳೆ. ಬೆಂಕಿಕಡ್ಡಿ ಕಾರ್ಖಾನೆಗೆ ಪೆನ್ನಿ ಲಾರ್ಕ್ ಇನ್ನೊಮ್ಮೆ ಹೋಗಿದ್ದಳಂತೆ. ಹೊಸ ಕಿಟಕಿಗಳು, ಬಿಳಿ ಪರದೆಗಳು, ಹುಡುಗಿಯರಿಗೆ ಮಧ್ಯಾಹ್ನ ಬಿಸಿ ಸೂಪು. ಹಿಂದೆ ತಾನು ಸ್ವಲ್ಪ ಆತುರಪಟ್ಟು ಬರೆದೆನೋ ಏನೋ ಎಂದು ಕೊನೆಯಲ್ಲಿ ಒಂದು ಸಾಲು. ಕಂಪನಿಯವರು ಯಾರ ಕೈ ಬೆಚ್ಚಗೆ ಮಾಡಿದರೋ ನನಗೆ ತಿಳಿಯದು.

ಆಗಸ್ಟಾ ನನ್ನ ಮುಂದೆ ಕೂತು, ಅದು ನಾನು ಬರೆದದ್ದಲ್ಲ ಎಂದು ಊರಿನ ಇತರ ಪತ್ರಿಕೆಗಳಿಗೆಲ್ಲ ಕಾಗದ ಬಡಿದಳು. ಯಾರೂ ಹಾಕಲಿಲ್ಲ. ಅವರಲ್ಲೂ ಅಂಥ ಒಬ್ಬೊಬ್ಬಳು ಪೆನ್ನಿ ಲಾರ್ಕ್ ಇದ್ದಳಲ್ಲ.

ಲೀನಾ ಆ ತಿಂಗಳೇ ತೀರಿಕೊಂಡಳು. ಸಂಸ್ಕಾರದ ಮರುದಿನ ಆಗಸ್ಟಾ ಅವರ ಮನೆಗೆ ಹೋದಳು. ಸಾವಿನ ಸುದ್ದಿಯನ್ನಾದರೂ ಸರಿಯಾಗಿ ಬರೆದು ಎಲ್ಲಿಗಾದರೂ ಕಳಿಸಬೇಕೆಂದು ನನ್ನನ್ನೂ ಜೊತೆಗೆ ಒಯ್ದಿದ್ದಳು. ಒಂದೇ ಕೋಣೆಯ ಮನೆ. ಲೀನಾಳ ತಾಯಿ ಕುರ್ಚಿ ಕೊಡಲಿಲ್ಲ. ಆ ಮುದುಕಿಗೆ ಓದಲು ಬರುತ್ತಿರಲಿಲ್ಲ, ಪತ್ರಿಕೆಯನ್ನು ಪಕ್ಕದ ಮನೆಯವರು ಓದಿ ಹೇಳುತ್ತಿದ್ದರು.

"ನೀವೇ ತಾನೇ ಪೆನ್ನಿ ಲಾರ್ಕ್?" ಎಂದಳು.

ಆಗಸ್ಟಾ ಹೌದು ಎಂದಳು, ಆಮೇಲೆ ಅಲ್ಲ ಎಂದಳು.

"ಒಂದು ಸಲ ನನ್ನ ಮಗಳು ಸಾಯ್ತಾ ಇದಾಳೆ ಅಂತ ಬರೆದ್ರಿ. ಇನ್ನೊಂದು ಸಲ ಪರದೆ ಚೆನ್ನಾಗಿದೆ ಅಂತ ಬರೆದ್ರಿ. ಅದನ್ನೂ ಅವಳು ಓದಿಸಿಕೊಂಡಳು, ಇನ್ನೂ ಜೀವ ಇತ್ತು" ಎಂದಳು ತಾಯಿ. "ಕೇಳಿಸಿಕೊಂಡು ಗೋಡೆ ಕಡೆ ತಿರುಗಿಕೊಂಡಳು."

ಅದು ನಾನಲ್ಲ, ಬೇರೆಯವರು ಎಂದು ಆಗಸ್ಟಾ ಎಷ್ಟೋ ಹೇಳಿದಳು. ಒಂದೇ ಹೆಸರಿನಲ್ಲಿ ಇಬ್ಬರು ಬರೆಯುತ್ತಾರೆ, ಅದು ರೂಢಿ, ಎಂದೆಲ್ಲ ವಿವರಿಸಿದಳು. ಮಗಳನ್ನು ಮಣ್ಣು ಮಾಡಿ ಬಂದ ತಾಯಿಗೆ ಪತ್ರಿಕೆಯವರ ರೂಢಿ ಎಲ್ಲಿ ಅರ್ಥವಾಗಬೇಕು? ಮನುಷ್ಯರಿಗೆ ಒಂದು ಹೆಸರು ಇರುತ್ತದೆ, ಆ ಹೆಸರಿನವರು ಆಡಿದ ಮಾತು ಅವರದ್ದೇ, ಅವಳಿಗೆ ಗೊತ್ತಿದ್ದದ್ದು ಅಷ್ಟು. ಅವಳು ಬಾಗಿಲು ತೆರೆದು ಹಿಡಿದುಕೊಂಡು ನಿಂತಳು. ನಾವು ಹೊರಗೆ ಬಂದೆವು. ಆಗಸ್ಟಾ ದಾರಿಯಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಹೆಗಲ ಮೇಲೆ ಕೈ ಇಡಲು ನನಗೆ ಕೈಯಿರಲಿಲ್ಲ.

ಆಮೇಲೆ ಅವಳು ದೊಡ್ಡ ಊರುಗಳ ಪತ್ರಿಕೆಗಳಲ್ಲಿ ಕೆಲಸ ಕೇಳಿದಳು. ಹಿಂದೆ ಬರೆದದ್ದು ತೋರಿಸು ಎನ್ನುತ್ತಿದ್ದರು. ತೋರಿಸಿದರೆ, ಇದು ಪೆನ್ನಿ ಲಾರ್ಕ್ ಬರೆದದ್ದು, ಅವಳು ಇನ್ನೂ ಬೀಕನ್‌ನಲ್ಲೇ ಇದ್ದಾಳಲ್ಲ ಎನ್ನುತ್ತಿದ್ದರು. ಒಬ್ಬನಂತೂ ಕದ್ದ ಮಾಲು ಹಿಡಿದವನ ಹಾಗೆ ಅವಳನ್ನು ನೋಡಿದ. ಕೊನೆಗೆ ಅವಳು ತನ್ನ ಊರಿನಲ್ಲೇ ವಕೀಲರ ಕಚೇರಿಯೊಂದರಲ್ಲಿ ಕೂತು ಕರಾರುಪತ್ರ ಬಡಿಯತೊಡಗಿದಳು. ಸಮಿತಿಯ ಮುಂದೆ ಯಾವ ಮಾತು ಕೇಳಿ ಜನ ನಕ್ಕಿದ್ದರೋ ಅದೇ ಅವಳ ಬದುಕಾಯಿತು. ಸ್ವಂತಕ್ಕೆಂದು ಅವಳು ನನ್ನ ಮೇಲೆ ಏನನ್ನೂ ಬಡಿಯಲಿಲ್ಲ. ಅಷ್ಟು ವೇಗದ ಬೆರಳು, ಅಷ್ಟು ಹರಿತವಾದ ಮಾತು, ಎಲ್ಲ ಇನ್ನೊಬ್ಬರ ಗೋಡೆ, ಬೇಲಿ, ಬಾಡಿಗೆಯ ಜಗಳಕ್ಕೆ ಹೋಯಿತು.

ಕೆಲವು ವರ್ಷದ ಮೇಲೆ ಬೆಂಕಿಕಡ್ಡಿಗೆ ಬಿಳಿ ರಂಜಕ ಬಳಸುವುದನ್ನು ದೇಶದಲ್ಲೇ ನಿಲ್ಲಿಸಿದರು. ಬೀಕನ್‌ನವರು ಕೂಡಲೇ ಔತಣ ಮಾಡಿದರು. ಇದರ ಬಗ್ಗೆ ಮೊದಲು ಎಚ್ಚರಿಸಿದವಳು ನಮ್ಮ ಪೆನ್ನಿ ಲಾರ್ಕ್ ಎಂದು ಪ್ರಾಟ್ ಭಾಷಣ ಮಾಡಿದನಂತೆ. ಆಗಿನ ಪೆನ್ನಿ ಲಾರ್ಕ್‌ಗೆ ಇಪ್ಪತ್ತೆರಡು ವರ್ಷ. ಅವಳು ಹೂವಿನ ಗುಚ್ಛ ಹಿಡಿದುಕೊಂಡ ಚಿತ್ರ ಮೊದಲ ಪುಟದಲ್ಲಿ ಬಂತು. ಆಗಸ್ಟಾ ಆ ಪುಟವನ್ನು ಮಡಿಸಿ ನನ್ನ ಕೆಳಗೆ ಹಾಸಿದಳು, ಮೇಜು ಗೀರು ಬೀಳದಿರಲಿ ಎಂದು. ಥೂ, ನಾನು ಅದರ ಮೇಲೆ ಎಷ್ಟು ವರ್ಷ ಕೂತೆ.

ಆಗಸ್ಟಾ ಐವತ್ತಾರನೆಯ ವಯಸ್ಸಿನಲ್ಲಿ ನ್ಯುಮೋನಿಯಾದಿಂದ ಸತ್ತಳು. ಅವಳ ತಂಗಿಯ ಮಗಳು ಎಡ್ನಾ ಎಂಬ ನರ್ಸು ನನ್ನ ಮುಂದೆ ಕೂತು ಸಾವಿನ ಸುದ್ದಿ ಬಡಿದಳು. ಪೆನ್ನಿ ಲಾರ್ಕ್ ಎಂಬ ಹೆಸರಿನಲ್ಲಿ ಬೆಂಕಿಕಡ್ಡಿ ಕಾರ್ಖಾನೆಯ ಬಗ್ಗೆ ಬರೆದ ಆಗಸ್ಟಾ ರೇಮ್ ನಿಧನ ಎಂದು ಒಂದು ಪುಟ ಬರೆದು ಬೀಕನ್‌ಗೆ ಒಯ್ದು ಕೊಟ್ಟಳು. ಮೆಚ್ಚುಗೆಯ ಎರಡು ಮಾತಾದರೂ ಬರುತ್ತವೆಂದು ಕಾದೆವು. ಹಾಳೆ ಕೈಯಲ್ಲೇ ಹಿಡಿದುಕೊಂಡು ವಾಪಸು ಬಂದ ಎಡ್ನಾ, ಅಲ್ಲಿಯವನು ಹೇಳಿದ್ದನ್ನು ತಾಯಿಗೆ ಹಾಗೆ ಹಾಗೇ ಹೇಳಿದಳು: "ಪೆನ್ನಿ ಲಾರ್ಕ್ ಸತ್ತಳು ಅಂತ ಹೆಂಗೆ ಹಾಕೋದು? ಭಾನುವಾರ ಅವಳ ಬರಹ ಇದೆಯಲ್ಲ."

ಪತ್ರಿಕೆಯಲ್ಲಿ ಬಂದದ್ದು ಒಂದೇ ಸಾಲು. ಆಗಸ್ಟಾ ರೇಮ್, ಅವಿವಾಹಿತೆ, ಟೈಪಿಸ್ಟ್. ಅಷ್ಟರಲ್ಲಿ ಹೆಂಗಸರನ್ನು ಟೈಪ್‌ರೈಟರ್ ಎನ್ನುವುದು ಹೋಗಿ ಟೈಪಿಸ್ಟ್ ಎನ್ನುವುದು ಬಂದಿತ್ತು. ನಮಗಿಬ್ಬರಿಗೂ ಇದ್ದ ಆ ಒಂದು ಹೆಸರನ್ನೂ ಅವಳಿಂದ ಕಿತ್ತುಕೊಂಡರು.

ಎಡ್ನಾ ಮಿಶನ್ ಆಸ್ಪತ್ರೆಯ ಕೆಲಸಕ್ಕೆಂದು ಹಡಗು ಹತ್ತಿ ಕೋಲಾರದ ಕಡೆಗೆ ಬಂದಳು, ನಾನೂ ಬಂದೆ. ಬಹಳ ವರ್ಷ ಔಷಧಿಗಳ ಹೆಸರು ಬಡಿದೆ. ಅವಳು ವಾಪಸು ಹೋಗುವಾಗ ನನ್ನನ್ನು ಆಸ್ಪತ್ರೆಯ ಗುಮಾಸ್ತ ದೇವಸಹಾಯಂಗೆ ಕೊಟ್ಟಳು. ಅವನ ಕಣ್ಣು ಮಂಜಾದ ಮೇಲೆ ಕೋರ್ಟಿನ ಮುಂದೆ ಅರ್ಜಿ ಬಡಿಯುವ ನಂಜಪ್ಪನ ಮೇಜಿಗೆ ಬಂದೆ. ಅಲ್ಲಿ ಬಿಸಿಲು, ಧೂಳು, ಎಲೆಅಡಿಕೆಯ ಉಗುಳು. ಬಾಯಿ ತುಂಬ ಬೈಗುಳದ ಜನ. ನನಗೆ ಹಿಡಿಸಿತು, ಕನ್ನಡ ಕಲಿತದ್ದೂ ಅಲ್ಲೇ.

ಒಂದು ದಿನ ಹನುಮಕ್ಕ ಎಂಬ ಹೆಂಗಸು ಜಮೀನಿನ ತಕರಾರಿಗೆ ಅರ್ಜಿ ಬರೆಸಲು ಬಂದಳು. ನಂಜಪ್ಪ ಇಂಗ್ಲಿಷಿನಲ್ಲಿ ಬಡಿದು ಮುಗಿಸಿ, ಹೆಬ್ಬೆಟ್ಟು ಒತ್ತು ಎಂದ.

"ಮೊದ್ಲು ನನ್ ಹೆಸ್ರು ಎಲ್ಲೈತೆ ತೋರ್ಸು" ಎಂದಳು ಹನುಮಕ್ಕ.

ಅವನು ಗಂಡನ ಹೆಸರಿರುವ ಕಡೆ ಬೆರಳಿಟ್ಟು, ಇಂಥವರ ಹೆಂಡತಿ ಎಂದು ಬರೆದಿದೆ, ಅಷ್ಟು ಸಾಕು ಎಂದ. ಅವಳು ಒಪ್ಪಲಿಲ್ಲ. ಅರ್ಜಿ ಹಾಕ್ತಿರೋಳು ನಾನು, ಅವನು ಸತ್ತು ಮೂರು ವರ್ಷ ಆಯ್ತು ಎಂದು ಅಲ್ಲೇ ಕುಕ್ಕುರುಗಾಲಿನಲ್ಲಿ ಕೂತುಬಿಟ್ಟಳು. ನಂಜಪ್ಪ ಗೊಣಗಿಕೊಂಡು ಹೊಸ ಹಾಳೆ ಹಾಕಿ ಹನುಮಕ್ಕ ಎಂದು ಬಡಿದ. ಆ ಜಾಗವನ್ನು ಅವಳು ಬೆರಳಿನಿಂದ ಮುಟ್ಟಿ ನೋಡಿ, ಆಮೇಲೆ ಹೆಬ್ಬೆಟ್ಟು ಒತ್ತಿದಳು. ಅವಳ ಹೆಸರಿನ ಒಂದೊಂದು ಅಕ್ಷರವನ್ನೂ ನಾನು ಎಷ್ಟು ಒತ್ತಿ ಮೂಡಿಸಿದೆನೆಂದರೆ ಹಾಳೆಯ ಹಿಂದೆ ಉಬ್ಬಿಕೊಂಡಿತ್ತು. ಆಗಸ್ಟಾ ಇದ್ದಿದ್ದರೆ ಆ ಹೆಂಗಸನ್ನು ತಬ್ಬಿಕೊಳ್ಳುತ್ತಿದ್ದಳು.

ಕಂಪ್ಯೂಟರ್ ಬಂತು, ನಂಜಪ್ಪನ ಮಕ್ಕಳು ನನ್ನನ್ನು ಗುಜರಿಗೆ ಹಾಕಿದರು. ಗುಜರಿಯಿಂದ ಬೆಂಗಳೂರಿನ ಇಲಿಯಾಸ್ ಎಂಬವನ ಅಂಗಡಿಗೆ ಬಂದೆ. ಈಗ ಅಲ್ಲೇ ಇದ್ದೇನೆ, ಮೂಲೆಯ ಹಲಗೆಯ ಮೇಲೆ. ಇಲಿಯಾಸ್ ನನ್ನ ಗುಂಡಿಗಳನ್ನು ಒಂದೊಂದಾಗಿ ಕಿತ್ತು, ಬೆಳ್ಳಿಯ ಬಣ್ಣದ ತಂತಿ ಕಟ್ಟಿ, ಕೊರಳಿಗೆ ಹಾಕಿಕೊಳ್ಳುವ ಲಾಕೆಟ್ ಮಾಡುತ್ತಾನೆ. ಕಾಲೇಜಿನ ಹುಡುಗ ಹುಡುಗಿಯರು ಬಂದು ತಂತಮ್ಮ ಹೆಸರಿನ ಮೊದಲ ಅಕ್ಷರ ಕೇಳಿ ತೆಗೆದುಕೊಳ್ಳುತ್ತಾರೆ. ಎ ಮೊದಲನೆಯ ದಿನವೇ ಹೋಯಿತು. ಆರ್ ಕೂಡ ಹಾಗೇ. ಈಗ ಉಳಿದಿರುವುದು ಕ್ಯೂ, ಎಕ್ಸ್, ಝಡ್. ಆ ಅಕ್ಷರ ಕೇಳಿಕೊಂಡು ಯಾರೂ ಬರುವುದಿಲ್ಲವೆಂದು ಇಲಿಯಾಸ್‌ನ ದೂರು. ಊರಿನವರೆಲ್ಲ ತಮ್ಮ ಹೆಸರನ್ನು ನನ್ನ ಮೈಯಿಂದ ಕಿತ್ತು ಕೊರಳಿಗೆ ಹಾಕಿಕೊಂಡು ಹೋದರು. ಅವರ ಮೇಲೆ ನನಗೆ ಕೋಪವಿಲ್ಲ.

ಮೊನ್ನೆ ಒಬ್ಬ ಹುಡುಗಿ ನನ್ನ ಬೋಳು ಮೈಯನ್ನು ಮುಟ್ಟಿ, ಇದು ಯಾರದು ಅಂಕಲ್ ಎಂದು ಕೇಳಿದಳು.

"ಯಾರೋ ಟೈಪಿಸ್ಟ್‌ದಮ್ಮ" ಎಂದ ಇಲಿಯಾಸ್.

ಅಲ್ಲ. ಬರೆಯುವುದಕ್ಕೆ ನನ್ನಲ್ಲಿ ಇನ್ನು ಅಕ್ಷರ ಉಳಿದಿಲ್ಲ, ಅದಕ್ಕೇ ಇಷ್ಟು ಹೊತ್ತು ಬಾಯಿಬಿಟ್ಟು ಹೇಳಿದೆ. ನೀವಾದರೂ ಸರಿಯಾಗಿ ಕೇಳಿಸಿಕೊಳ್ಳಿ. ಅವಳು ವರದಿಗಾರ್ತಿ. ಅವಳ ಹೆಸರು ಆಗಸ್ಟಾ ರೇಮ್.